ಅಕ್ಕನ ಉಗುರುಸುತ್ತು

ಈಸ್ಟ್ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಹೋದವನು ನಾನು. ಅಲ್ಲಿ ಪಾವ್ ಮಾಡುವ ಬೇಕರಿಯೊಂದರಲ್ಲಿ ಹದಿನಾಲ್ಕು ವರ್ಷ ಹಿಟ್ಟು ನಾದಿದೆ, ಭಟ್ಟಿಯ ಎದುರು ಬೆಂದೆ. ಆಮೇಲೆ ಊರಿಗೆ ಬಂದು ಕೋಟೇಶ್ವರದ ಹತ್ತಿರ ಸ್ವಂತ ಬೇಕರಿ ಹಾಕಿದೆ. ಇವತ್ತು ನಮ್ಮ ಬನ್ನು, ರಸ್ಕು ಕುಂದಾಪುರದಿಂದ ಬ್ರಹ್ಮಾವರದವರೆಗಿನ ಅಂಗಡಿಗಳಿಗೆ ಹೋಗುತ್ತವೆ. ಹಿಟ್ಟಿನ ಮೇಲೆ ಬೆರಳೊತ್ತಿ ಅದು ಎಷ್ಟು ಹೊತ್ತಿಗೆ ಹದಕ್ಕೆ ಬರುತ್ತದೆ ಎಂದು ಗಡಿಯಾರ ನೋಡದೆ ಹೇಳಬಲ್ಲೆ. ಡಿಗ್ರಿ ಮಾಡಿದವರು ನನ್ನ ಕೈಕೆಳಗೆ ಕೆಲಸಕ್ಕಿದ್ದಾರೆ. ಈ ಕೊನೆಯ ಮಾತನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಸಲ, ಬೇಕಾದವರಿಗೂ ಬೇಡದವರಿಗೂ ಹೇಳಿದ್ದೇನೆ.

ನನ್ನ ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಂಗೊಳ್ಳಿಯ ಬಂದರಿನಿಂದ ಮೀನು ತಂದು ಕುಂದಾಪುರದ ಮಾರ್ಕೆಟ್ಟಿನಲ್ಲಿ ಕೂತು ಮಾರುತ್ತಿದ್ದಳು. ಮುಂಬಯಿ ಬಸ್ಸಿಗೆ ನನ್ನನ್ನು ಹತ್ತಿಸಿದ ದಿನವೂ ಅವಳ ಕೈಯಲ್ಲಿ ಮೀನಿನ ವಾಸನೆ ಇತ್ತು. ಬಾವ ಹೋದ ಮೇಲೆ ನಾನು ಅವಳ ಮನೆಯ ಪಕ್ಕದಲ್ಲೇ ಮನೆ ಕಟ್ಟಿದೆ. ಅವಳಿಗೆ ಒಬ್ಬಳೇ ಮಗಳು. ನಮ್ಮ ಪೈಕಿಯಲ್ಲಿ ಅಕ್ಕನ ಮಕ್ಕಳಿಗೆ ಸೋದರಮಾವನೇ ಯಜಮಾನ. ಮದುವೆಯಿರಲಿ, ಮದ್ದಿರಲಿ, ಮಾವನ ಮಾತೇ ಮನೆಯ ಮಾತು. ಆ ಮಾತನ್ನು ನಾನು ಗಟ್ಟಿಯಾಗಿಯೇ ಆಡುತ್ತಿದ್ದೆ.

ಅಕ್ಕನಿಗೆ ಉಗುರುಸುತ್ತು ಶುರುವಾದದ್ದು ಸಿಗಡಿಯಿಂದ. ಸಿಪ್ಪೆ ಬಿಡಿಸುವಾಗ ಅದರ ಮುಳ್ಳು ಉಗುರಿನ ಬುಡಕ್ಕೆ ಚುಚ್ಚುತ್ತದೆ. ಅದರ ಮೇಲೆ ದಿನವಿಡೀ ಐಸು, ಉಪ್ಪು, ನೀರು. ಬೆರಳಿನ ಬುಡ ಊದಿ ಕೆಂಪಾಯಿತು, ಒತ್ತಿದರೆ ಬಿಳಿ ನೀರು. ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡು ನಾಲ್ಕು ದಿನ ಮಲಗಿದಳು. ಇಳಿಯಲಿಲ್ಲ. ಎರಡು ಬೆರಳು ಹೋಗಿ ಐದಾಯಿತು. ಕೊನೆಗೆ ಕುಂದಾಪುರದ ಡಾಕ್ಟರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ನೋಡಿ, ಇದು ಫಂಗಸ್, ಈಸ್ಟಿನ ಜಾತಿಯದ್ದು ಎಂದು ಹೇಳಿ ಮಾತ್ರೆ ಬರೆದರು. ವಾರಕ್ಕೊಂದು ಮಾತ್ರೆ, ಮೂರು ತಿಂಗಳು. ಮಧ್ಯ ಬಿಡಬಾರದು. ಕೈ ಒಣಗಿಸಿಕೊಂಡು ಇರಬೇಕು.

ಹೊರಗೆ ಬಂದ ಮೇಲೆ ಅಕ್ಕ ನಕ್ಕಳು. "ಕೈ ಒಣಗ್ಸಿ ಇಟ್ಕಂಡ್ ಕೂಕಂಡ್ರೆ ಮೀನ್ ಎಂತ ತನ್ನನ್ನ್ ತಾನೇ ಕೊಯ್ಕಂತಾ?"

ನಾಲ್ಕನೇ ಮಾತ್ರೆಗೆ ಊತ ಇಳಿಯಿತು. ಆದರೆ ಅಕ್ಕನಿಗೆ ಮಾತ್ರೆ ತಿಂದ ದಿನ ಹೊಟ್ಟೆ ತೊಳಸುತ್ತಿತ್ತು, ಬಾಯಿ ಕಹಿ, ತಲೆ ಭಾರ. "ಈ ಇಂಗ್ಲಿಷ್ ಮದ್ದ್ ಭಾರೀ ಉಷ್ಣ ಮಾರಾಯ. ನಂಗ್ ಆತಿಲ್ಲೆ," ಅಂದಳು.

ನಾನು ಹೇಳಿದೆ: "ಹಾಂಗಾರೆ ಅರ್ಧ ಮಾಡ್. ಅರ್ಧ ಮಾತ್ರೆ, ಒಂದ್ ಲೋಟ ಮಜ್ಜಿಗೆ. ಗುಣ ಆಯ್ತಲ್ಲ, ಇನ್ನೆಂತಕ್ಕೆ ಇಡೀದ್?"

ಈ ಬುದ್ಧಿ ನನಗೆ ಬಂದದ್ದು ನನ್ನ ಕಸುಬಿನಿಂದ. ಬೇಸಿಗೆಯಲ್ಲಿ ಸೆಕೆ ಏರಿದ ಹಾಗೆ ನಾವು ಹಿಟ್ಟಿಗೆ ಈಸ್ಟ್ ಕಡಿಮೆ ಮಾಡುತ್ತೇವೆ. ಮಳೆಗಾಲಕ್ಕೆ ಒಂದು ಅಳತೆ, ಏಪ್ರಿಲ್ ಮೇ ತಿಂಗಳಿಗೆ ಅದರ ಅರ್ಧ. ಇಲ್ಲದಿದ್ದರೆ ಹಿಟ್ಟು ಉಕ್ಕಿ, ಹುಳಿಯಾಗಿ, ಬನ್ನು ಹಾಳು. ಉಷ್ಣಕ್ಕೆ ಅಳತೆ ಇಳಿಸಬೇಕು ಎನ್ನುವುದು ನಾನು ಕೈಯಾರೆ ಕಲಿತ ಪಾಠ. ಮದ್ದಿಗೂ ಅದೇ ಲೆಕ್ಕ ಹಾಕಿದೆ. ಹಾಕುವಾಗ ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಎರಡು ವಾರ ಅರ್ಧರ್ಧ ತಿಂದು ಅಕ್ಕ ಬಿಟ್ಟಳು. ಉಳಿದ ಮಾತ್ರೆಗಳನ್ನು ನಾನೇ ಒಂದು ಬಿಸ್ಕೆಟಿನ ಡಬ್ಬಿಗೆ ಹಾಕಿ ಅವಳ ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಆ ಮಳೆಗಾಲದಲ್ಲಿ ಬೆರಳು ಮತ್ತೆ ಊದಿತು. ಡಬ್ಬಿಯಿಂದ ಅರ್ಧ ಮಾತ್ರೆ, ಒಂದು ವಾರ ಬಿಟ್ಟು ಇನ್ನರ್ಧ. ಇಳಿದ ಕೂಡಲೇ ನಿಲ್ಲಿಸುವುದು. ಮಾತ್ರೆ ಮುಗಿದರೆ ಹಳೇ ಚೀಟಿ ಹಿಡಿದು ಮೆಡಿಕಲ್ಲಿಗೆ ಹೋಗುವುದು. ಹೀಗೆ ನಾಲ್ಕು ವರ್ಷ. ನನ್ನ ಹೆಂಡತಿ ಒಂದೆರಡು ಸಲ "ಡಾಕ್ಟ್ರಿಗೆ ಒಂದ್ಸಲ ತೋರ್ಸುಕಾಗ್ದಾ?" ಎಂದು ಕೇಳಿದಳು. ಅಕ್ಕನೇ ಅವಳ ಬಾಯಿ ಮುಚ್ಚಿಸಿದಳು. "ನಮ್ಗೆ ಮನೇಲೇ ಬೇಕ್ರಿ ಡಾಕ್ಟ್ರ್ ಇತ್ರಲೆ. ಹ್ವಾಯ್ ಡಾಕ್ಟ್ರೇ, ಬೆರಳ್ ಕಾಣಿ, ಇವತ್ತ್ ಅರ್ಧವಾ, ಕಾಲಾ?" ಎಲ್ಲರೂ ನಗುತ್ತಿದ್ದೆವು. ಆ ತಮಾಷೆಯಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ವರ್ಷ ಎರಡು ಅರ್ಧಕ್ಕೆ ಇಳಿಯುತ್ತಿದ್ದ ಊತ ಆಮೇಲೆ ನಾಲ್ಕಕ್ಕೂ ಇಳಿಯದಾಯಿತು. ಕಂಪನಿಯವರು ಮಾತ್ರೆಯಲ್ಲಿ ಮೋಸ ಮಾಡುತ್ತಿದ್ದಾರೆ ಎಂದು ನಾನು ತೀರ್ಮಾನ ಮಾಡಿ, ಬೇರೆ ಕಂಪನಿಯದ್ದು ಕೇಳಿ ತಂದೆ. ಅಷ್ಟರಲ್ಲಿ ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ ಎಂದೂ ಗೊತ್ತಾಗಿತ್ತು. ಬಾಯೊಳಗೆ, ನಾಲಗೆಯ ಮೇಲೆ ಹಾಲಿನ ಕೆನೆಯಂಥ ಬಿಳಿ ಪದರ ಕಟ್ಟುತ್ತಿತ್ತು. ಉಜ್ಜಿದರೆ ರಕ್ತ. ಅದಕ್ಕೂ ಡಬ್ಬಿಯ ಮಾತ್ರೆಯೇ ಮದ್ದಾಯಿತು.

ಹೋದ ವರ್ಷ ಅವಳ ಮಗಳು ಚೊಚ್ಚಲ ಹೆರಿಗೆಗೆ ಶಿರೂರಿನ ಗಂಡನ ಮನೆಯಿಂದ ಬಂದಿದ್ದಳು. ಹೆರಿಗೆಯಾಗಿ ಹದಿನೈದು ದಿನವೂ ಆಗಿರಲಿಲ್ಲ, ಬಾಣಂತಿಗೆ ನೀರು ಕಾಯಿಸಲು ಕೂತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ಬಿದ್ದಳು. ಕುಂದಾಪುರದ ಆಸ್ಪತ್ರೆಯಲ್ಲಿ ನೋಡಿ, ಕರುಳಿನಲ್ಲಿ ತೂತಾಗಿದೆ, ಇಲ್ಲಿ ಆಗುವುದಿಲ್ಲ ಎಂದರು. ದೊಡ್ಡ ಆಸ್ಪತ್ರೆಗೆ ಒಯ್ದೆವು. ಆಪರೇಶನ್ ಆಯಿತು. ನೋಡಿಕೊಳ್ಳುವವರಿಲ್ಲ ಎಂದು ಬಾಣಂತಿಯನ್ನೂ ಮಗುವನ್ನೂ ಶಿರೂರಿಗೆ ಕಳಿಸಿದೆವು. ಆಸ್ಪತ್ರೆಯಲ್ಲಿ ನಾನು ನಿಂತೆ.

ಆಪರೇಶನ್ ಚೆನ್ನಾಗಿಯೇ ಆಗಿತ್ತು. ಐದನೇ ದಿನ ಅಕ್ಕ ಗಂಜಿ ಕುಡಿದಳು. ಆರನೇ ದಿನ ಜ್ವರ ಬಂತು, ಬಂದದ್ದು ಬಿಡಲಿಲ್ಲ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ದಿನ ಬಿಟ್ಟು ದೊಡ್ಡ ಡಾಕ್ಟರಮ್ಮ ವಾರ್ಡಿಗೆ ಬಂದರು. ನಮ್ಮ ಕಡೆಯವರಲ್ಲ, ಘಟ್ಟದ ಮೇಲಿನವರು. ಮೆತ್ತಗೆ ಮಾತಾಡುವವರು.

ಅವರು ನಮ್ಮ ಹತ್ತಿರ ಬರುವ ಮೊದಲು ಪಕ್ಕದ ಹಾಸಿಗೆಯಲ್ಲಿ ಒಂದು ಸಂಗತಿ ನಡೆಯಿತು. ಅಲ್ಲಿ ಬೈಂದೂರಿನ ಕಡೆಯವರೊಬ್ಬರು ಹೆಂಡತಿಯನ್ನು ಸೇರಿಸಿದ್ದರು. ಆಕೆಗೆ ಯಾವುದೋ ಮಾತ್ರೆಯನ್ನು ಅವರು ತಾವಾಗಿಯೇ ಮೆಡಿಕಲ್ಲಿನಿಂದ ತಂದು ತಿನ್ನಿಸಿದ್ದರಂತೆ. ಡಾಕ್ಟರಮ್ಮನ ಜೊತೆಗಿದ್ದ ಎಳೆಯ ಡಾಕ್ಟರೊಬ್ಬ ಅವರನ್ನು ಎಲ್ಲರೆದುರು ಕೇಳಿದ: "ಯಾರು ಹೇಳಿದ್ದು ಕೊಡೋಕೆ? ನೀವು ಎಷ್ಟು ಓದಿದ್ದೀರಿ?" ಆ ಮನುಷ್ಯ ನನ್ನ ಪ್ರಾಯದವನು. "ನಾಲ್ಕ್ನೇ ಕ್ಲಾಸ್," ಎಂದು ನೆಲ ನೋಡಿದ. ಡಾಕ್ಟರಮ್ಮ ಎಳೆಯವನ ಕಡೆ ತಿರುಗಿ ಸಾಕು ಎನ್ನುವ ಹಾಗೆ ಕೈ ಮಾಡಿದರು. ಆದರೆ ನಾನು ಆ ಪ್ರಶ್ನೆ ಕೇಳಿಸಿಕೊಂಡಾಗಿತ್ತು.

ಆಮೇಲೆ ಅವರು ನಮ್ಮ ಹಾಸಿಗೆಗೆ ಬಂದರು.

"ರಕ್ತದಲ್ಲಿ ಈಸ್ಟ್ ಬೆಳೀತಾ ಇದೆ," ಅಂದರು. "ಬ್ರೆಡ್ಡಿಗೆ ಹಾಕುವ ಈಸ್ಟ್ ಅಲ್ಲ. ಅದರ ದೂರದ ಸಂಬಂಧಿ. ಎಲ್ಲರ ಮೈಯಲ್ಲೂ, ಹೊಟ್ಟೆಯಲ್ಲೂ ಸ್ವಲ್ಪ ಇರುತ್ತೆ. ಕರುಳು ತೂತಾದಾಗ ರಕ್ತಕ್ಕೆ ಬಂದಿದೆ. ಇವರಿಗೆ ಮೊದಲು ಯಾವಾಗಲಾದರೂ ಫಂಗಸ್ಸಿಗೆ ಮಾತ್ರೆ ಕೊಟ್ಟಿದ್ದೀರಾ? ಉಗುರಿಗೆ, ಬಾಯಿಗೆ, ಚರ್ಮಕ್ಕೆ?"

ಎಳೆಯ ಡಾಕ್ಟರ್ ಪೆನ್ನು ಹಿಡಿದು ನಿಂತಿದ್ದ. ಪಕ್ಕದ ಹಾಸಿಗೆಯವನು ನಮ್ಮ ಕಡೆಯೇ ನೋಡುತ್ತಿದ್ದ.

"ಇಲ್ಲ," ಅಂದೆ.

ಅಕ್ಕನಿಗೆ ಎಚ್ಚರವಿತ್ತು. ನನ್ನ ಮುಖ ನೋಡಿದಳು. ಬೆರಳುಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಆ ಸಂಜೆ ಅಕ್ಕನ ಮಗಳು ಶಿರೂರಿನಿಂದ ಫೋನ್ ಮಾಡಿದಳು. "ಮಾವ, ಡಾಕ್ಟ್ರ ಹತ್ರ ಎಲ್ಲಾ ಹೇಳಿದ್ರಲ್ದಾ? ಅಮ್ಮ ತಿಂಬು ಮಾತ್ರೆ, ಸಕ್ರೆ ಮದ್ದ್, ಎಲ್ಲಾ?"

"ಎಲ್ಲಾ ಹೇಳಿದ್ದೆ. ನೀ ಮಗಿನ್ ಕಾಣ್," ಅಂದೆ.

ಮದ್ದು ಶುರು ಮಾಡಿದರು. ಬಾಟಲಿಯಿಂದ ರಕ್ತನಾಳಕ್ಕೆ ಬಿಡುವ ಮದ್ದು. ಆ ಬಾಟಲಿಯ ಮೇಲಿನ ಹೆಸರನ್ನು ನಾನು ಅಕ್ಷರ ಕೂಡಿಸಿ ಓದಿದೆ. ಬಿಸ್ಕೆಟಿನ ಡಬ್ಬಿಯಲ್ಲಿದ್ದ ಮಾತ್ರೆಯ ಹೆಸರೇ. ಮಾತ್ರೆಗಿಂತ ಬಾಟಲಿ ಜೋರಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಜ್ವರ ಇಳಿಯಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ಮೂರನೇ ದಿನ ಅಕ್ಕನ ಉಸಿರು ಕೆಟ್ಟು ಐಸಿಯುಗೆ ಒಯ್ದರು. ದಿನಕ್ಕೆ ಎರಡು ಸಲ, ಒಬ್ಬೊಬ್ಬರೇ ಹೋಗಿ ನೋಡಬೇಕು.

ನಾಲ್ಕನೇ ದಿನ ಡಾಕ್ಟರಮ್ಮ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಕೈಯಲ್ಲಿ ಲ್ಯಾಬಿನ ಕಾಗದ ಇತ್ತು.

"ನಾವು ಕೊಡ್ತಾ ಇದ್ದ ಮದ್ದು ಈ ಈಸ್ಟಿಗೆ ತಾಗೋದಿಲ್ಲ," ಅಂದರು. "ಇವತ್ತಿನಿಂದ ಬೇರೆ ಮದ್ದು ಹಾಕ್ತಿದ್ದೀವಿ. ಯಾವ ಮದ್ದು ತಾಗುತ್ತೆ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡೋಕೆ ಇಷ್ಟು ದಿನ ಬೇಕೇ ಬೇಕು."

"ತಾಗುದಿಲ್ಲ ಅಂದ್ರೆ? ಮದ್ದಿಗೆ ಅಭ್ಯಾಸ ಆಯ್ತಾ ಅದಕ್ಕೆ?" ಎಂದು ಕೇಳಿದೆ.

ಅವರು ನನ್ನ ಕೆಲಸ ಏನು ಎಂದು ಕೇಳಿದರು. ಹೇಳಿದೆ. ಮುಂಬಯಿಯ ಉಸ್ತಾದ ಕಲಿಸಿದ ಪದ್ಧತಿಯನ್ನೂ ಹೇಳಿದೆ, ಆ ಹೊತ್ತಿನಲ್ಲೂ ಜಂಬ ಬಿಡದೆ. ನಮ್ಮಲ್ಲಿ ಪ್ಯಾಕೆಟ್ ಈಸ್ಟ್ ಸ್ವಲ್ಪವೇ ಬಳಸುವುದು. ದಿನಾ ಒಂದು ಮುದ್ದೆ ಹಿಟ್ಟನ್ನು ಉಪ್ಪು ಬೆರೆಸಿ ತೆಗೆದಿಟ್ಟು, ಮಾರನೇ ದಿನದ ಹಿಟ್ಟಿಗೆ ಸೇರಿಸುತ್ತೇವೆ. ಅದರಿಂದ ಮತ್ತೊಂದು ಮುದ್ದೆ. ಬೇಕರಿ ಶುರುವಾದ ದಿನದಿಂದ ಅದೇ ಸಂತಾನ ನಡೆದು ಬಂದಿದೆ. ಮೊದಮೊದಲು ಬೇಸಿಗೆಗೆ, ಉಪ್ಪಿಗೆ ಸೋತು ಮಲಗುತ್ತಿತ್ತು. ಈಗ ಎಂಥ ಸೆಕೆಗೂ ಏಳುತ್ತದೆ. ನಮ್ಮ ಹಿಟ್ಟಿಗೆ ಊರಿನ ಸೆಕೆ ಅಭ್ಯಾಸವಾಗಿದೆ ಎಂದು ನಾನು ಎಲ್ಲರಿಗೂ ಹೇಳುವುದಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಭ್ಯಾಸ ಅಲ್ಲ," ಅಂದರು. "ಈಸ್ಟ್ ಕಲಿಯೋದಿಲ್ಲ. ಒಂದು ಈಸ್ಟ್ ಎರಡಾಗುವಾಗ ತನ್ನೊಳಗಿನ ಬರಹವನ್ನೆಲ್ಲ ನಕಲು ಮಾಡಬೇಕು. ಕೋಟಿ ಕೋಟಿ ಸಲ ನಕಲು ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತೆ. ಅದಕ್ಕೆ ಮ್ಯುಟೇಶನ್ ಅಂತೀವಿ. ಹೆಚ್ಚಿನ ತಪ್ಪುಗಳಿಂದ ಏನೂ ಆಗೋದಿಲ್ಲ. ಕೆಲವು ತಪ್ಪಾದರೆ ಆ ಈಸ್ಟೇ ಸಾಯುತ್ತೆ. ಯಾವುದೋ ಒಂದು ತಪ್ಪು ಮಾತ್ರ ಅದಕ್ಕೆ ಉಪಕಾರ ಮಾಡುತ್ತೆ. ನಿಮ್ಮ ಮುದ್ದೆಯಲ್ಲಿ ಉಪ್ಪು ತಡೆಯೋವು ಉಳಿದವು, ತಡೆಯದವು ಸತ್ತವು. ಉಳಿದವುಗಳ ಮಕ್ಕಳೇ ಈಗ ಇರೋದು."

ಆಮೇಲೆ ಒಂದು ಕಾಗದದ ಮೇಲೆ ದುಂಡಗೆ ಒಂದು ಈಸ್ಟ್ ಬರೆದರು. ಅದರ ಮೈಯ ಹೊರಪದರಕ್ಕೆ ಒಂದು ಬಗೆಯ ಕೊಬ್ಬು ಬೇಕಂತೆ. ಆ ಕೊಬ್ಬನ್ನು ಮಾಡಲು ಅದರೊಳಗೆ ಒಂದು ಅಚ್ಚು ಇದೆಯಂತೆ. ನಮ್ಮ ಮಾತ್ರೆ ಹೋಗಿ ಆ ಅಚ್ಚಿನೊಳಗೆ ಕೂತುಬಿಡುತ್ತದೆ. ಅಚ್ಚಿನ ಬಾಯಿ ಕಟ್ಟಿದರೆ ಕೊಬ್ಬಿಲ್ಲ, ಕೊಬ್ಬಿಲ್ಲದಿದ್ದರೆ ಈಸ್ಟ್ ಬೆಳೆಯುವುದಿಲ್ಲ. ಒಂದು ಅಕ್ಷರ ತಪ್ಪಿ ಆ ಅಚ್ಚಿನ ಆಕಾರ ಕೂದಲೆಳೆಯಷ್ಟು ಬದಲಾದರೆ, ಮಾತ್ರೆಗೆ ಅಲ್ಲಿ ಕೂರಲು ಆಗುವುದಿಲ್ಲ. ಕೊಬ್ಬಿನ ಕೆಲಸ ಮಾತ್ರ ನಡೆಯುತ್ತಲೇ ಇರುತ್ತದೆ. ಇನ್ನೊಂದು ದಾರಿಯೂ ಇದೆ. ಈಸ್ಟಿನ ಮೈಯಲ್ಲಿ ಬೇಡದ್ದನ್ನು ಹೊರಗೆ ಹಾಕುವ ಪಂಪುಗಳಿವೆ. ಬೇರೆ ಒಂದು ಅಕ್ಷರ ತಪ್ಪಿದರೆ ಆ ಪಂಪು ನಿಲ್ಲದೆ ಓಡುತ್ತದೆ, ಒಳಗೆ ಬಂದ ಮದ್ದನ್ನೆಲ್ಲ ಆಚೆ ಚೆಲ್ಲುತ್ತದೆ.

"ದೋಣಿಗೆ ಬಂದ ನೀರ್ ಮೊಗೆದ್ ಚೆಲ್ಲಿದ ಹಾಗೆ," ಅಂದೆ.

"ಹಾಗೇ. ಮದ್ದನ್ನು ಪೂರ್ತಿ ಕೊಟ್ಟರೆ, ಸ್ವಲ್ಪ ಗಟ್ಟಿಯಾದವೂ ಸಾಯಬಹುದು. ಅರ್ಧಂಬರ್ಧ ಕೊಟ್ಟರೆ ಮೆತ್ತಗಿನವು ಸಾಯ್ತವೆ, ಗಟ್ಟಿಯಾದವು ಉಳೀತವೆ. ಜಾಗ ಖಾಲಿಯಾಗುತ್ತಲ್ಲ, ಅಲ್ಲೆಲ್ಲ ಅವೇ ತುಂಬ್ತವೆ. ಮತ್ತೆ ಅರ್ಧ ಕೊಟ್ಟರೆ ಅವುಗಳಲ್ಲೂ ಇನ್ನೂ ಗಟ್ಟಿಯಾದವು." ಅವರು ಕಾಗದ ಮಡಚಿದರು. "ಸಾಮಾನ್ಯವಾಗಿ ಮೊದಲು ಈ ಮಾತ್ರೆ ಬಹಳ ಸಲ ತಿಂದವರಲ್ಲಿ ಹೀಗಾಗುತ್ತೆ. ಅಂಥವರಿಗೆ ನಾವು ಮೊದಲ ದಿನದಿಂದಲೇ ಬೇರೆ ಮದ್ದು ಹಾಕ್ತೀವಿ. ನೀವು ತಿಂದೇ ಇಲ್ಲ ಅಂದ್ರಿ. ಒಂದೊಂದು ಸಲ ಹಾಗೂ ಇರುತ್ತೆ."

ನಾನು ಆಗಲೂ ಹೇಳಲಿಲ್ಲ. ತಲೆ ಅಲ್ಲಾಡಿಸಿ ಹೊರಗೆ ಬಂದೆ.

ಹೊರಗೆ ಬೆಂಚಿನ ಮೇಲೆ ಕೂತಾಗ ನಾಲ್ಕು ವರ್ಷದ ಒಂದೊಂದು ಅರ್ಧ ಮಾತ್ರೆಯೂ ಕಣ್ಣೆದುರು ಬಂತು. ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸವನ್ನೇ ನಾನು ಅಕ್ಕನ ಮೈಯೊಳಗೆ ಮಾಡಿದ್ದೆ. ಮುದ್ದೆ ತೆಗೆದಿಡುವ ಹಾಗೆ, ಸೋಲದವನ್ನು ಆರಿಸಿ ಆರಿಸಿ ಸಾಕಿದ್ದೆ. ಗೊತ್ತಿಲ್ಲದೆ ಮಾಡಿದ್ದು ಎನ್ನಬಹುದು, ಅದು ನಿಜ. ಆದರೆ ವಾರ್ಡಿನಲ್ಲಿ "ಇಲ್ಲ" ಅಂದದ್ದು ಗೊತ್ತಿದ್ದೇ.

ಸಂಜೆ ಐಸಿಯುಗೆ ಹೋದೆ. ಅಕ್ಕನ ಮುಖಕ್ಕೆ ಆಮ್ಲಜನಕದ ಮುಚ್ಚಳ ಹಾಕಿದ್ದರು. ನಾನು ಬಗ್ಗಿ ಹೇಳಿದೆ: "ಅಕ್ಕ, ಮಾತ್ರೆ ವಿಷಯ ನಾನ್ ಡಾಕ್ಟ್ರಿಗೆ ಹೇಳ್ತೆ."

ಅವಳು ಮುಚ್ಚಳವನ್ನು ಒಂಚೂರು ಸರಿಸಿದಳು. "ಬ್ಯಾಡ ತಮ್ಮ. ಬಯ್ತ್ರ್ ನಿಂಗೆ."

"ಬೈಲಿ."

"ಎಲ್ಲರ ಎದ್ರ್ ಬಯ್ತ್ರ್." ಉಸಿರು ತೆಗೆದುಕೊಂಡಳು. "ಹೆಣ್ಣಿನ್ ಹತ್ರ ಮಾತ್ರ ಹೇಳ್ಬ್ಯಾಡ. ನಿನ್ ಮೇಲೆ ಅದ್ಕೆ ಭಾರೀ ಗೌರವ."

ಹೆಣ್ಣು ಎಂದರೆ ಅವಳ ಮಗಳು. ನರ್ಸ್ ಬಂದು ಮುಚ್ಚಳ ಸರಿಮಾಡಿ, ಮಾತಾಡಿಸಬೇಡಿ ಎಂದು ನನ್ನನ್ನು ಕಳಿಸಿದಳು.

ಮಾರನೇ ದಿನ ಬೆಳಿಗ್ಗೆ ನಾನು ಮನೆಗೆ ಹೋಗಿ ಆ ಡಬ್ಬಿ ತಂದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದೆ. ಡಾಕ್ಟರಮ್ಮನ ಮೇಜಿನ ಮೇಲೆ ಮುಚ್ಚಳ ತೆಗೆದಿಟ್ಟೆ. ಒಳಗೆ ಅರ್ಧ ಮುರಿದ ಮಾತ್ರೆಗಳು, ಮಾತ್ರೆ ಇದ್ದ ಹರಿದ ಹಾಳೆಗಳು, ನಾಲ್ಕು ವರ್ಷ ಹಳೆಯ ಚೀಟಿ. ಆರನೇ ಕ್ಲಾಸಿನವರೆಗೆ ಓದಿದ್ದು ಎಂದೂ ಹೇಳಿದೆ, ಯಾರೂ ಕೇಳದಿದ್ದರೂ. ಅವರು ಬೈಯಲಿಲ್ಲ. ಒಂದೊಂದೇ ಹಾಳೆ ಎತ್ತಿ ನೋಡಿ, ಅಕ್ಕನ ಕಡತದಲ್ಲಿ ಬರೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

"ಮೊದಲೇ ಹೇಳಿದ್ರೆ ಉಳೀತಿದ್ಲಾ?" ಎಂದು ಕೇಳಿದೆ. ಅಕ್ಕ ಇನ್ನೂ ಇದ್ದಳು. ನಾನು ಯಾಕೆ ಹೋದವಳ ಹಾಗೆ ಮಾತಾಡಿದೆನೋ ಗೊತ್ತಿಲ್ಲ.

ಅವರು ಡಬ್ಬಿಯ ಮುಚ್ಚಳ ಹಾಕಿದರು. "ಮೂರು ದಿನ ಮೊದಲು ಸರಿಯಾದ ಮದ್ದು ಸಿಗ್ತಿತ್ತು. ಅದರಿಂದ ಏನಾಗ್ತಿತ್ತು ಅಂತ ನಾನು ಹೇಳಲಾರೆ. ಸುಳ್ಳು ಸಮಾಧಾನ ಬೇಡ ಅಂತ ನಿಮಗೂ ಗೊತ್ತು."

ಹೊಸ ಮದ್ದು ತಾಗಿತು. ಒಂದು ವಾರಕ್ಕೆ ರಕ್ತದಲ್ಲಿ ಈಸ್ಟ್ ಇಲ್ಲ ಎಂದು ವರದಿ ಬಂತು. ನಾನು ಆ ವರದಿ ಹಿಡಿದು ಶಿರೂರಿಗೆ ಫೋನ್ ಮಾಡಿ, "ಗುಣ ಆತ್, ಗುಣ ಆತ್," ಎಂದು ಎರಡು ಸಲ ಹೇಳಿದೆ. ಆದರೆ ಅಷ್ಟರಲ್ಲಿ ಅಕ್ಕನ ಮೂತ್ರಪಿಂಡ ಸೋತಿತ್ತು, ಮೈಯೆಲ್ಲ ನೀರು ತುಂಬಿತ್ತು. ಡಯಾಲಿಸಿಸ್ ಮಾಡಿದರು. ಎರಡನೇ ಸಲ ಮಾಡುವಾಗ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೃದಯ ನಿಂತಿತು. ಅವಳ ಕೈ ನೋಡಿದೆ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಒಂದು ತಿಂಗಳು ನೀರು ಮುಟ್ಟದ ಕೈ. ಉಗುರಿನ ಬುಡವೆಲ್ಲ ಒಣಗಿ ಚೊಕ್ಕಟವಾಗಿತ್ತು.

ಸೂತಕಕ್ಕೆ ಬೇಕರಿ ಹನ್ನೆರಡು ದಿನ ಮುಚ್ಚಿತ್ತು. ಬಾಗಿಲು ತೆಗೆದ ದಿನ ಹಳೇ ಮುದ್ದೆ ಮೇಲೆ ಸಿಪ್ಪೆ ಕಟ್ಟಿ ಒಳಗೆ ಜೀವ ಹಿಡಿದು ಕೂತಿತ್ತು. ಬಿಸಾಡುವ ಎಂದು ಕೈಗೆ ತೆಗೆದುಕೊಂಡೆ. ಅದರದ್ದೇನು ತಪ್ಪು ಎಂದು ಹಿಟ್ಟಿಗೆ ಸೇರಿಸಿದೆ. ಕೆಲಸ ನಡೆಯುತ್ತಿದೆ.

ಊರಿನಲ್ಲಿ ಎಲ್ಲರೂ ನನ್ನ ಬಗ್ಗೆ ಒಳ್ಳೆಯದೇ ಆಡಿದರು. ತಮ್ಮ ಅಂದರೆ ಹಾಗಿರಬೇಕು, ಒಂದು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ ಎಂದರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಅಕ್ಕನ ಮಗಳು ಎಲ್ಲರೆದುರು ನನ್ನ ಕೈ ಹಿಡಿದು, "ಮಾವ ಇಲ್ದಿರೆ ಅಮ್ಮನ್ನ ಅಷ್ಟ್ ದಿನವೂ ಕಾಂಬುಕಾತಿರ್ಲಿಲ್ಲ," ಎಂದು ಅತ್ತಳು. ಆ ಮಾತು ನನ್ನ ಎದೆಯ ಮೇಲೆ ಕೂತುಬಿಟ್ಟಿತು. ಹೇಳಬೇಡ ಎಂದು ಅಕ್ಕ ಹೇಳಿದ್ದಾಳೆ. ಹೇಳದಿದ್ದರೆ ಅವಳ ಮಗಳು ಬದುಕಿರುವಷ್ಟು ದಿನ ನನಗೆ ಸಲ್ಲದ ಗೌರವ ಕೊಡುತ್ತಲೇ ಇರುತ್ತಾಳೆ. ನಾನು ಅದನ್ನು ತೆಗೆದುಕೊಳ್ಳುತ್ತಲೇ ಇರಬೇಕು. ದುಡಿದು ತಿಂದವನು ನಾನು. ಸಲ್ಲದ್ದನ್ನು ಯಾವತ್ತೂ ಇಟ್ಟುಕೊಂಡವನಲ್ಲ.

ನಾಲ್ಕು ತಿಂಗಳು ತಡೆದೆ. ಹೋದ ತಿಂಗಳು ಒಂದು ಭಾನುವಾರ ಶಿರೂರಿಗೆ ಹೋದೆ. ಅವಳ ಗಂಡ ಮನೆಯಲ್ಲಿರಲಿಲ್ಲ. ಮಗು ತೊಟ್ಟಿಲಲ್ಲಿ ಮಲಗಿತ್ತು. ಅವಳು ಬೆಲ್ಲ, ನೀರು ತಂದಿಟ್ಟು, "ಮಾವ, ಮೀನ್ ಸಾರ್ ಇತ್ತ್, ಉಂಡ್ಕಂಡೇ ಹೋಯ್ಕ್," ಅಂದಳು. ನಾನು ನೀರು ಮುಟ್ಟುವ ಮೊದಲೇ ಹೇಳಲು ಶುರು ಮಾಡಿದೆ. ಅರ್ಧ ಮಾತ್ರೆಯಿಂದ ಹಿಡಿದು ಡಬ್ಬಿಯವರೆಗೆ ಎಲ್ಲ ಹೇಳಿದೆ. ಡಾಕ್ಟರಮ್ಮ ಬರೆದು ತೋರಿಸಿದ ಅಚ್ಚು, ಪಂಪು ಕೂಡ ಹೇಳಿದೆ. ಅವಳು ಪಿಯುಸಿ ಓದಿದವಳು, ನನಗಿಂತ ಬೇಗ ಅರ್ಥ ಮಾಡಿಕೊಂಡಳು.

ಅರ್ಧ ಮಾತ್ರೆಯ ವಿಷಯಕ್ಕೆ ಅವಳು ನನ್ನನ್ನು ದೂರಲಿಲ್ಲ. "ಅದ್ ನಂಗೂ ಗೊತ್ತಿದ್ದಿತ್ತ್. ನಾನೂ ಕಾಣ್ತೇ ಇದ್ದೆ," ಅಂದಳು. ಆಮೇಲೆ ವಾರ್ಡಿನ ಮಾತು ಬಂತು.

"ಡಾಕ್ಟ್ರ್ ಕೇಂಡದ್ದಕ್ಕೆ ನೀವ್ ಇಲ್ಲ ಅಂದ್ರಾ?"

"ಹೌದ್."

"ಆ ದಿನ ಸಂಜಿಗ್ ನಾನ್ ಫೋನ್ ಮಾಡಿ ಕೇಂಡೆ. ಎಲ್ಲಾ ಹೇಳಿದ್ದೆ ಅಂದ್ರಿ."

"ಹೌದ್ ಮಗಾ."

ಅವಳು ತೊಟ್ಟಿಲಿನ ಹಗ್ಗ ಹಿಡಿದುಕೊಂಡಳು. ಮಗು ಮಲಗಿಯೇ ಇತ್ತು, ಆದರೂ ತೂಗಿದಳು. ಹಗ್ಗ ಬಿಡದೆ ಕೇಳಿದಳು: "ನೀವ್ ಇಲ್ಲ ಅಂಬುದ್ ಅಮ್ಮನಿಗೆ ಕೇಣ್ತಾ?"

ಅಕ್ಕನಿಗೆ ಕೇಳಿಸಿತೇ ಎನ್ನುವ ಈ ಒಂದು ಪ್ರಶ್ನೆಗೆ ನಾನು ತಯಾರಾಗಿ ಹೋಗಿರಲಿಲ್ಲ.

"ಕೇಣ್ತ್," ಅಂದೆ.

"ಎಂತ ಮಾಡಿದ್ಲ್?"

"ಕೈ ಹೊದಿಕೆ ಒಳಗೆ ಎಳ್ಕಂಡ್ಲ್. ಕಣ್ಣ್ ಮುಚ್ಕಂಡ್ಲ್."

ಅವಳು ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು. ನಾನು ಜಗುಲಿಯಲ್ಲಿ ಕೂತೇ ಇದ್ದೆ. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಕಾದೆ. ಊಟದ ಹೊತ್ತು ಮೀರಿತು. ಮಗು ಎದ್ದು ಕೈಕಾಲು ಆಡಿಸತೊಡಗಿತು. ನನ್ನನ್ನು ನೋಡಿ ನಕ್ಕಿತು. ಎತ್ತಿಕೊಳ್ಳಬಹುದೋ ಇಲ್ಲವೋ ಗೊತ್ತಾಗಲಿಲ್ಲ. ಎತ್ತಿಕೊಳ್ಳಲಿಲ್ಲ.

ಅವಳು ಹೊರಗೆ ಬಂದು ಮಗುವನ್ನು ಸೊಂಟಕ್ಕೇರಿಸಿಕೊಂಡಳು. ಮುಖ ತೊಳೆದಿದ್ದಳು.

"ಮಾವ, ಮೂರ್ ಗಂಟಿಗ್ ಒಂದ್ ಬಸ್ಸಿತ್ತ್," ಅಂದಳು.

ನಾನು ಎದ್ದು ಚಪ್ಪಲಿ ಮೆಟ್ಟಿದೆ. ನಮ್ಮ ಕಡೆ ಯಾರನ್ನೂ "ಹೋಯಿ ಬನ್ನಿ" ಅನ್ನದೆ ಕಳಿಸುವ ಕ್ರಮ ಇಲ್ಲ, ಜಗಳವಾಡಿದವರನ್ನೂ. ಗೇಟಿನವರೆಗೆ ನಿಧಾನ ನಡೆದೆ. ಚಿಲಕ ತೆಗೆದು, ಹಾಕಿ, ಆ ಮಾತಿಗಾಗಿ ಸ್ವಲ್ಪ ನಿಂತೆ. ಅವಳು ಬಾಗಿಲಲ್ಲೇ ಇದ್ದಳು, ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬಸ್ ಬರುವ ಸದ್ದಾಯಿತು. ನಾನು ರಸ್ತೆ ದಾಟಿದೆ.